ಆಸ್ತಿಯ ಲೆಕ್ಕ, ಮನುಷ್ಯನ ಲೆಕ್ಕ: ಬರ್ನಾರ್ಡ್ ಶಾ ಎಲ್ಲಿ ಸರಿ, ಎಲ್ಲಿ ದಾರಿ ತಪ್ಪಿದರು

ಸುಂದರ ನರ್ತಕಿಯೊಬ್ಬಳು ನಾಟಕಕಾರ ಬರ್ನಾರ್ಡ್ ಶಾಗೆ, ‘ನಾವಿಬ್ಬರೂ ಮದುವೆಯಾದರೆ ಹುಟ್ಟುವ ಮಗುವಿಗೆ ನನ್ನ ಚೆಲುವು, ನಿಮ್ಮ ಬುದ್ಧಿ ಬರುತ್ತದೆ’ ಎಂದಳಂತೆ. ‘ನನ್ನ ರೂಪ, ನಿನ್ನ ಬುದ್ಧಿ ಬಂದುಬಿಟ್ಟರೆ?’ ಎಂದರಂತೆ ಶಾ. ಕನ್ನಡದ ಪತ್ರಿಕೆಗಳಲ್ಲಿ ಪುಟದ ತಳದ ಖಾಲಿ ಜಾಗ ತುಂಬಲು ಈ ಚುಟುಕು ಎಷ್ಟು ಸಲ ಬಳಕೆಯಾಗಿದೆಯೋ ಲೆಕ್ಕವಿಲ್ಲ. ಈಗ ವಾಟ್ಸಾಪ್‌ನಲ್ಲಿ ಅದಕ್ಕೆ ಎರಡನೇ ಜನ್ಮ. ನರ್ತಕಿ ಇಸಡೋರಾ ಡಂಕನ್ ಎಂದು ಹೆಸರು ಸೇರಿಸಿ ಹೇಳುವವರೂ ಇದ್ದಾರೆ. ಅವಳಲ್ಲ ಎಂದು ಶಾ ಅವರೇ ಹೇಳಿದ್ದರು.

ಅದೇ ಮೊಬೈಲಿನಲ್ಲಿ ಇನ್ನೊಬ್ಬ ಶಾ ಕೂಡ ಓಡಾಡುತ್ತಾರೆ. ಅದು 1931ರ ಒಂದು ನ್ಯೂಸ್‌ರೀಲ್ ತುಣುಕು. ಬಿಳಿ ಗಡ್ಡದ ಮುದುಕರು ನಗುನಗುತ್ತಾ ಹೇಳುತ್ತಾರೆ: ಎಲ್ಲರೂ ಐದೋ ಏಳೋ ವರ್ಷಕ್ಕೊಮ್ಮೆ, ಆದಾಯ ತೆರಿಗೆ ಅಧಿಕಾರಿಗಳ ಮುಂದೆ ಹೋದಂತೆ, ಒಂದು ಮಂಡಳಿಯ ಮುಂದೆ ಬಂದು ತಾವು ಬದುಕಿರುವುದಕ್ಕೆ ಸಮರ್ಥನೆ ಕೊಡಬೇಕು, ತಿನ್ನುವಷ್ಟನ್ನಾದರೂ ದುಡಿಯದವರನ್ನು ಉಳಿಸಿಕೊಂಡು ಸಮಾಜಕ್ಕೆ ಪ್ರಯೋಜನವಿಲ್ಲ. ಇದನ್ನು ನೋಡಿದವರು ‘ಇವನು ಹಿಟ್ಲರನ ಅಣ್ಣ’ ಎಂದು ಷರಾ ಬರೆಯುತ್ತಾರೆ. ಇತ್ತ 2025ರಲ್ಲಿ ಲಂಡನ್ನಿನ ಗ್ಯಾರಿಕ್ ಥಿಯೇಟರಿನಲ್ಲಿ ಇಮೆಲ್ಡಾ ಸ್ಟಾಂಟನ್ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ಆಡಿದರು. 1893ರಲ್ಲಿ ಬರೆದ ನಾಟಕಕ್ಕೆ ಇಂದೂ ಟಿಕೆಟ್ ಮಾರಾಟವಾಗುತ್ತದೆ.

ಹಾಗಾದರೆ ಶಾ ಅವರನ್ನು ಇಟ್ಟುಕೊಳ್ಳುವುದೋ, ಕಪಾಟಿನಿಂದ ಕೆಳಗಿಳಿಸುವುದೋ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ‘ದೊಡ್ಡವರು, ಒಂದೆರಡು ತಪ್ಪು ಮಾಡಿದರು’ ಎನ್ನುವುದು ಒಂದು. ‘ತಮಾಷೆಗೆ ಹೇಳಿದ್ದು, ನಿಮಗೆ ವ್ಯಂಗ್ಯ ತಿಳಿಯುವುದಿಲ್ಲ’ ಎನ್ನುವುದು ಇನ್ನೊಂದು. ಎರಡೂ ಸೋಮಾರಿ ಉತ್ತರಗಳು. ಶಾ ಅವರ ಒಳ್ಳೆಯ ವಿಚಾರ ಮತ್ತು ಕೆಟ್ಟ ವಿಚಾರ ಎರಡೂ ಹುಟ್ಟಿದ್ದು ಒಂದೇ ಅಭ್ಯಾಸದಿಂದ, ಲೆಕ್ಕ ಕೇಳುವ ಅಭ್ಯಾಸದಿಂದ. ಆಸ್ತಿಗೆ ಲೆಕ್ಕ ಕೇಳಿದಾಗ ಅವರಷ್ಟು ಚುರುಕಾಗಿ ಕಂಡವರು ಕಡಿಮೆ. ಮನುಷ್ಯನಿಗೇ ಲೆಕ್ಕ ಕೇಳಲು ಹೊರಟಾಗ ಅದೇ ಚುರುಕು ಭಯ ಹುಟ್ಟಿಸುತ್ತದೆ.

ಬಾಡಿಗೆ ವಸೂಲಿಯ ಗುಮಾಸ್ತ

ಜಾರ್ಜ್ ಬರ್ನಾರ್ಡ್ ಶಾ ಹುಟ್ಟಿದ್ದು 1856ರ ಜುಲೈ 26ರಂದು, ಡಬ್ಲಿನ್ನಿನ ಸಿಂಜ್ ಸ್ಟ್ರೀಟ್‌ನಲ್ಲಿ. ಮನೆತನ ಪ್ರಾಟೆಸ್ಟಂಟ್, ಹೆಸರು ದೊಡ್ಡದು, ಕಾಸು ಇಲ್ಲ. ತಂದೆ ಧಾನ್ಯದ ವ್ಯಾಪಾರಿ, ಕುಡುಕ. ತಾಯಿ ಹಾಡುಗಾರ್ತಿ, 1873ರಲ್ಲಿ ಗಂಡನನ್ನು ಬಿಟ್ಟು ಹೆಣ್ಣುಮಕ್ಕಳೊಂದಿಗೆ ಲಂಡನ್ ಸೇರಿದರು. ಅಷ್ಟರಲ್ಲಿ ಮಗ, ಹದಿನೈದಕ್ಕೇ ಶಾಲೆ ಬಿಟ್ಟವನು, ಡಬ್ಲಿನ್ನಿನ ಒಂದು ಜಮೀನು ಏಜೆಂಟರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವರ್ಷಕ್ಕೆ 18 ಪೌಂಡಿನಿಂದ ಶುರುವಾದ ಸಂಬಳ, ಕ್ಯಾಷಿಯರ್ ಆಗಿ ಕೆಲಸ ಬಿಡುವ ಹೊತ್ತಿಗೆ 84 ಪೌಂಡಿಗೆ ಏರಿತ್ತು. ಜಮೀನ್ದಾರರ ಪರವಾಗಿ ಬಡವರ ಮನೆಗಳ ವಾರದ ಬಾಡಿಗೆ ವಸೂಲಿ ಮಾಡುವುದೂ ಆ ಕೆಲಸದ ಭಾಗ.

1876ರಲ್ಲಿ ಅದನ್ನು ಬಿಟ್ಟು ಲಂಡನ್ನಿಗೆ ಬಂದರು. ಮುಂದಿನ ಒಂಬತ್ತು ವರ್ಷದಲ್ಲಿ ಬರವಣಿಗೆಯಿಂದ ಬಂದದ್ದು ಒಟ್ಟು ಆರು ಪೌಂಡ್ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲೂ ಐದು ಪೌಂಡ್ ಒಂದು ಔಷಧಿಯ ಜಾಹೀರಾತು ಬರೆದುಕೊಟ್ಟದ್ದಕ್ಕೆ. ಐದು ಕಾದಂಬರಿ ಬರೆದರು. ಪ್ರಕಾಶಕರು ಒಂದಾದ ಮೇಲೊಂದನ್ನು ವಾಪಸು ಕಳಿಸಿದರು. ತಾಯಿಯ ಸಂಪಾದನೆಯಲ್ಲಿ ಊಟ, ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ಓದು. 1882ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೆನ್ರಿ ಜಾರ್ಜ್ ಭೂಮಿಯ ಗೇಣಿಯ ಬಗ್ಗೆ ಮಾಡಿದ ಭಾಷಣ ಕೇಳಿದ್ದು ಅವರ ತಲೆಯ ದಿಕ್ಕು ಬದಲಿಸಿತು. ಹಿಂದೆಯೇ ಮಾರ್ಕ್ಸ್‌ನ ‘ಕ್ಯಾಪಿಟಲ್’ ಅನ್ನು ಫ್ರೆಂಚ್ ಅನುವಾದದಲ್ಲಿ ಓದಿದರು. 1884ರಲ್ಲಿ, ಕ್ರಾಂತಿಯಿಲ್ಲದೆ ಹಂತಹಂತವಾಗಿ ಸಮಾಜವಾದ ತರಲು ಹೊರಟಿದ್ದ ಫೇಬಿಯನ್ ಸೊಸೈಟಿ ಸೇರಿದರು.

ಫೇಬಿಯನ್ನರ ಅರ್ಥಶಾಸ್ತ್ರದ ಬೇರು ಮಾರ್ಕ್ಸ್‌ಗಿಂತ ಹೆಚ್ಚಾಗಿ ಅರ್ಥಶಾಸ್ತ್ರಜ್ಞ ರಿಕಾರ್ಡೋನ ಗೇಣಿ ಸಿದ್ಧಾಂತದಲ್ಲಿದೆ. ಅದನ್ನು ಹಿಡಿಯದೆ ಶಾ ನಾಟಕ ಅರ್ಧವೇ ಅರ್ಥವಾಗುತ್ತದೆ. ಒಂದೇ ಬಗೆಯ ದುಡಿಮೆಗೆ ಒಂದು ಹೊಲ ಹತ್ತು ಮೂಟೆ ಕೊಡುತ್ತದೆ, ಕೊನೆಗೆ ಉಳಿದ ಕಲ್ಲು ಹೊಲ ಆರು ಮೂಟೆ ಕೊಡುತ್ತದೆ ಎನ್ನೋಣ. ಒಳ್ಳೆಯ ಹೊಲದ ಒಡೆಯ ಕೈ ಕೆಸರು ಮಾಡಿಕೊಳ್ಳದೆ ನಾಲ್ಕು ಮೂಟೆ ಗೇಣಿ ಕೇಳಬಹುದು. ಗೇಣಿದಾರ ಕೊಡಲೇಬೇಕು, ಯಾಕೆಂದರೆ ಬಿಟ್ಟರೆ ಅವನಿಗೆ ಸಿಗುವುದು ಕಲ್ಲು ಹೊಲ. ಪೇಟೆಯ ಸೈಟಿಗೂ ಇದೇ ನಿಯಮ. ರಸ್ತೆ, ಚರಂಡಿ, ಜನಜಂಗುಳಿ ಇವು ಸೇರಿ ಸೈಟಿನ ಬೆಲೆ ಏರುತ್ತದೆ. ಅದನ್ನು ಏರಿಸಿದ್ದು ಊರು, ಜೇಬಿಗಿಳಿಸಿಕೊಳ್ಳುವುದು ಒಡೆಯ. ಆದ್ದರಿಂದ ಆ ಹೆಚ್ಚುವರಿ ಊರಿಗೇ ವಾಪಸಾಗಬೇಕು, ಕ್ರಾಂತಿಯಿಂದಲ್ಲ, ತೆರಿಗೆ ಮತ್ತು ಪುರಸಭೆಯ ಮೂಲಕ. 1889ರಲ್ಲಿ ಶಾ ಸಂಪಾದಿಸಿದ ‘ಫೇಬಿಯನ್ ಎಸ್ಸೇಸ್’ನ ತಿರುಳು ಇಷ್ಟೇ. ಈ ಗುಂಪೇ 1895ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿತು. ಮುಂದೆ ಅಂಬೇಡ್ಕರ್ ಓದಿದ್ದು ಅಲ್ಲಿ.

ಒಂದು ಪೌಂಡ್ ನಾಲ್ಕು ಶಿಲಿಂಗಿನ ವೋಚರ್

1892ರ ಡಿಸೆಂಬರಿನಲ್ಲಿ ರಂಗಕ್ಕೆ ಬಂದ ಮೊದಲ ನಾಟಕ ‘ವಿಡೋವರ್ಸ್ ಹೌಸಸ್’. ಅದರ ನಡುವಿನ ಅಂಕದಲ್ಲಿ ಒಂದು ಲೆಕ್ಕದ ತಪಾಸಣೆ ನಡೆಯುತ್ತದೆ. ಲಂಡನ್ನಿನ ಕೊಳೆಗೇರಿ ವಠಾರಗಳ ಒಡೆಯ ಸಾರ್ಟೋರಿಯಸ್. ಅವನ ಬಾಡಿಗೆ ವಸೂಲಿಗಾರ ಲಿಕ್‌ಚೀಸ್. ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಒಡೆಯನ ಕಣ್ಣಿಗೆ ಬೀಳುತ್ತದೆ: ಮೆಟ್ಟಿಲ ರಿಪೇರಿಗೆ ಒಂದು ಪೌಂಡ್ ನಾಲ್ಕು ಶಿಲಿಂಗ್. ಮೂರು ಹೆಂಗಸರು ಆ ಮೆಟ್ಟಿಲಿನಲ್ಲಿ ಬಿದ್ದು ಗಾಯಗೊಂಡಿದ್ದಕ್ಕೆ ಲಿಕ್‌ಚೀಸ್ ಅದನ್ನು ಸರಿ ಮಾಡಿಸಿದ್ದ. ಕೆಲಸ ಹೋಗುತ್ತದೆ.

ಮುಂದಿನದು ನಾಟಕದ ನಿಜವಾದ ಚಾಕು. ಸಾರ್ಟೋರಿಯಸ್‌ನ ಮಗಳನ್ನು ಮದುವೆಯಾಗಲಿರುವ ಯುವ ವೈದ್ಯ ಟ್ರೆಂಚ್, ಈ ಕೊಳಕು ದುಡ್ಡು ನಮಗೆ ಬೇಡ, ನನ್ನ ವರ್ಷದ 700 ಪೌಂಡ್ ಆದಾಯ ಸಾಕು ಎನ್ನುತ್ತಾನೆ. ಮಾವ ಶಾಂತವಾಗಿ ಕೇಳುತ್ತಾನೆ: ನಿನ್ನ 700 ಎಲ್ಲಿಂದ ಬರುತ್ತದೆ ಗೊತ್ತೇ? ಅದು ಇದೇ ವಠಾರಗಳ ಮೇಲಿನ ಅಡಮಾನದ ಬಡ್ಡಿ. ಮಾವ ಬಡವರಿಂದ ವಸೂಲಿ ಮಾಡಿ ಮೊದಲು ಅಳಿಯನ ಬಡ್ಡಿ ತೀರಿಸುತ್ತಾನೆ, ಉಳಿದದ್ದು ತನಗೆ. ಮೆಟ್ಟಿಲಿನ ಮರದ ಕೈಹಿಡಿ ಹಾಕಿಸಿದರೆ ಮೂರು ದಿನದೊಳಗೆ ಬಾಡಿಗೆಯವರು ಕಿತ್ತು ಒಲೆಗೆ ಹಾಕುತ್ತಾರೆ ಎಂಬ ಸಾರ್ಟೋರಿಯಸ್‌ನ ಮಾತೂ ಸುಳ್ಳಲ್ಲ. ಸೌದೆಗೆ ಕಾಸಿಲ್ಲದ ಮನೆಯಲ್ಲಿ ಮರದ ಕೈಹಿಡಿ ಸೌದೆಯೇ. ಇಲ್ಲಿ ಖಳನಾಯಕನನ್ನು ಹುಡುಕಿ ಹೊರಟ ಪ್ರೇಕ್ಷಕನಿಗೆ ಸಿಗುವುದು ಒಂದು ಲೆಕ್ಕದ ಪುಸ್ತಕ, ಅದರಲ್ಲಿ ತನ್ನದೇ ಹೆಸರು. ಕೊನೆಗೆ ಲಿಕ್‌ಚೀಸ್ ಸೂಟು ಹಾಕಿ ಶ್ರೀಮಂತನಾಗಿ ಮರಳುತ್ತಾನೆ. ಹೊಸ ರಸ್ತೆ ಬರಲಿದೆ, ವಠಾರಗಳನ್ನು ಈಗಲೇ ದುರಸ್ತಿ ಮಾಡಿಸಿದರೆ ಭೂಸ್ವಾಧೀನದ ಪರಿಹಾರ ಹೆಚ್ಚು ಸಿಗುತ್ತದೆ ಎಂಬುದು ಅವನು ತಂದ ಸುದ್ದಿ. ಮೂರು ಹೆಂಗಸರು ಬಿದ್ದಾಗ ಬಾರದ ದುರಸ್ತಿ ಆಗ ಬರುತ್ತದೆ.

‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ನಲ್ಲೂ ಅಂಕಿಗಳೇ ಮಾತಾಡುತ್ತವೆ. ವೇಶ್ಯಾಗೃಹಗಳ ಒಡತಿ ಮಿಸೆಸ್ ವಾರೆನ್ ತನ್ನ ಮಗಳು ವಿವಿಗೆ ಪಟ್ಟಿ ಕೊಡುತ್ತಾಳೆ. ಒಬ್ಬ ಮಲ ಅಕ್ಕ ಬಿಳಿ ಸೀಸದ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಒಂಬತ್ತು ಶಿಲಿಂಗಿಗೆ ದುಡಿದು ಸೀಸದ ವಿಷಕ್ಕೆ ಸತ್ತಳು. ಇನ್ನೊಬ್ಬಳು ವಾರಕ್ಕೆ ಹದಿನೆಂಟು ಶಿಲಿಂಗಿನಲ್ಲಿ ಗಂಡ, ಮೂರು ಮಕ್ಕಳ ಸಂಸಾರ ಒಪ್ಪವಾಗಿ ನಡೆಸಿದಳು, ಗಂಡ ಕುಡಿತಕ್ಕೆ ಬೀಳುವವರೆಗೆ. ತಾನು ವಾಟರ್‌ಲೂ ಸ್ಟೇಷನ್ನಿನ ಬಾರಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಲೋಟ ತೊಳೆದದ್ದು ಊಟ ಮತ್ತು ವಾರಕ್ಕೆ ನಾಲ್ಕು ಶಿಲಿಂಗಿಗೆ. ವಿವಿ ಅಮ್ಮನ ಮಾತಿಗೆ ಕರಗುತ್ತಾಳೆ. ಆಮೇಲೆ ಪಾಲುದಾರ ಕ್ರಾಫ್ಟ್ಸ್ ಬರುತ್ತಾನೆ. ಅವನು ಹಾಕಿದ್ದು 40,000 ಪೌಂಡ್, ವ್ಯಾಪಾರ ಕೆಟ್ಟ ವರ್ಷದಲ್ಲೂ ಶೇ. 35 ಲಾಭ. ವಿವಿ ಅಸಹ್ಯಪಟ್ಟಾಗ ಅವನು ತಿರುಗಿ ಚುಚ್ಚುತ್ತಾನೆ: ನೀನು ಕೇಂಬ್ರಿಜ್‌ನಲ್ಲಿ ಓದಿದ ವಿದ್ಯಾರ್ಥಿವೇತನ ಕೊಟ್ಟದ್ದು ನನ್ನ ಅಣ್ಣ, ಅವನಿಗೆ 600 ಹುಡುಗಿಯರಿರುವ ಕಾರ್ಖಾನೆಯಿಂದ ಶೇ. 22 ಲಾಭ, ಅವರಲ್ಲಿ ಒಬ್ಬಳಿಗೂ ಬದುಕಲು ಸಾಕಾಗುವ ಕೂಲಿಯಿಲ್ಲ.

ಆಗ ನಾಟಕಗಳ ಸೆನ್ಸಾರ್ ಮಾಡುತ್ತಿದ್ದ ಲಾರ್ಡ್ ಚೇಂಬರ್ಲೇನ್ ಕಚೇರಿ ಈ ನಾಟಕಕ್ಕೆ ಪರವಾನಗಿ ನಿರಾಕರಿಸಿತು. 1902ರಲ್ಲಿ ಖಾಸಗಿ ಪ್ರದರ್ಶನವಾಯಿತು. 1905ರಲ್ಲಿ ನ್ಯೂಯಾರ್ಕ್ ಪೊಲೀಸರು ತಂಡವನ್ನು ಬಂಧಿಸಿದರು. ಬ್ರಿಟನ್ನಿನಲ್ಲಿ ಸಾರ್ವಜನಿಕವಾಗಿ ಆಡಲು 1925 ಆಗಬೇಕಾಯಿತು. ವೇಶ್ಯೆಯನ್ನು ರಂಗದ ಮೇಲೆ ತರುವುದು ಆ ಕಾಲಕ್ಕೆ ಹೊಸದಲ್ಲ. ರೇಷ್ಮೆ ಸೀರೆ ಉಡಿಸಿ ಕೊನೆಗೆ ಕ್ಷಯದಲ್ಲಿ ಸಾಯಿಸಿದರೆ ಯಾರ ತಕರಾರೂ ಇರಲಿಲ್ಲ. ಲಾಭದ ಶೇಕಡಾವಾರು ಹೇಳಿದ್ದೇ ತಕರಾರಿಗೆ ಕಾರಣವಾಯಿತು ಎಂದು ನಂಬಲು ಅಡ್ಡಿಯಿಲ್ಲ.

ಒಂದು ಪೆನ್ನಿಯ ಶೌಚಾಲಯ

ಶಾ ಬಗ್ಗೆ ಬರೆಯುವವರು ಹೆಚ್ಚಾಗಿ ಹಾರಿಸಿಬಿಡುವ ಆರು ವರ್ಷಗಳಿವೆ. 1897ರಿಂದ 1903ರವರೆಗೆ ಅವರು ಲಂಡನ್ನಿನ ಸೇಂಟ್ ಪಾಂಕ್ರಸ್‌ನಲ್ಲಿ ಮೊದಲು ವೆಸ್ಟ್ರಿ ಎಂಬ ಸ್ಥಳೀಯ ಮಂಡಳಿಯ, ಆಮೇಲೆ ಬರೋ ಕೌನ್ಸಿಲ್ಲಿನ ಸದಸ್ಯರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾರ್ಪೊರೇಟರ್. ಚರಂಡಿ, ಕಸ, ದೀಪ, ಕರೆಂಟು, ಕಮಿಟಿ ಮೀಟಿಂಗು.

ಅಲ್ಲಿ ಅವರು ಹಿಡಿದ ಒಂದು ಕೆಲಸ ಹೆಂಗಸರ ಸಾರ್ವಜನಿಕ ಶೌಚಾಲಯ. ಬೀದಿಯಲ್ಲಿ ಗಂಡಸರ ಮೂತ್ರಾಲಯ ಉಚಿತ. ಹೆಂಗಸರಿಗೆ ಶೌಚಾಲಯವೇ ಅಪರೂಪ, ಇದ್ದರೆ ಒಂದು ಪೆನ್ನಿ ಕೊಡಬೇಕು. ಮೇಲಿನ ಸೀಸದ ಕಾರ್ಖಾನೆಯ ಕೂಲಿಯನ್ನೇ ತೆಗೆದುಕೊಳ್ಳಿ. ಒಂಬತ್ತು ಶಿಲಿಂಗೆಂದರೆ 108 ಪೆನ್ನಿ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 18. ದಿನಕ್ಕೆ ಎರಡು ಸಲ ಹೋದರೆ ಕೂಲಿಯ ಒಂಬತ್ತನೇ ಒಂದು ಪಾಲು ಅಲ್ಲೇ ಮುಗಿಯಿತು. ಕ್ಯಾಮ್ಡೆನ್ ಹೈ ಸ್ಟ್ರೀಟಿನ ಕೂಡುರಸ್ತೆಯಲ್ಲಿ ಶೌಚಾಲಯ ಕಟ್ಟುವ ಪ್ರಸ್ತಾಪ ಬಂದಾಗ ಮನೆ ಬೆಲೆ ಇಳಿಯುತ್ತದೆ, ಮರ್ಯಾದೆ ಹೋಗುತ್ತದೆ ಎಂದು ಗುಲ್ಲೆದ್ದಿತು. 1900ರಲ್ಲಿ ಆ ಜಾಗದಲ್ಲಿ ಅಷ್ಟೇ ಗಾತ್ರದ ಒಂದು ಮರದ ಮಾದರಿ ಕಟ್ಟಿ ನಿಲ್ಲಿಸಿ, ಸಂಚಾರಕ್ಕೆ ಅಡ್ಡಿಯಾಗುತ್ತದೆಯೇ ಎಂದು ಪರೀಕ್ಷಿಸಿದರು. ಕುದುರೆ ಗಾಡಿಯವರೂ ಬಸ್ಸಿನವರೂ ಮತ್ತೆ ಮತ್ತೆ ಅದಕ್ಕೇ ಬಂದು ಗುದ್ದತೊಡಗಿದರು. ಬೇಕೆಂದೇ ಗುದ್ದಿದರು ಎನ್ನಲು ಪತ್ತೇದಾರರು ಬೇಕಿಲ್ಲ. ಶೌಚಾಲಯ ಆಗಿದ್ದು ಶಾ ಕೌನ್ಸಿಲ್ ಬಿಟ್ಟ ಮೇಲೆ.

ಇಲ್ಲಿಂದ ಅವರು ತೆಗೆದ ತೀರ್ಮಾನ ಗಮನಿಸಬೇಕಾದ್ದು. 1894ರಿಂದ ಹೆಂಗಸರು ವೆಸ್ಟ್ರಿಗೆ ಆಯ್ಕೆಯಾಗಬಹುದಿತ್ತು. 1899ರ ಲಂಡನ್ ಸರ್ಕಾರ ಕಾಯ್ದೆ ವೆಸ್ಟ್ರಿಗಳನ್ನು ಬರೋ ಕೌನ್ಸಿಲ್ ಮಾಡುವಾಗ ಹೆಂಗಸರನ್ನು ಹೊರಹಾಕಿತು. ಮತ್ತೆ ಬಾಗಿಲು ತೆರೆದದ್ದು 1907ರಲ್ಲಿ. ಗಂಡಸರೇ ಕೂತ ಸಭೆಯಲ್ಲಿ ಶೌಚಾಲಯದ ಮಾತೆತ್ತಿದರೆ ನಗು, ಇಲ್ಲವೇ ಮುಜುಗರ, ತೀರ್ಮಾನವಂತೂ ಇಲ್ಲ. 1909ರ ಒಂದು ಲೇಖನದಲ್ಲಿ ಶಾ ಮಹಿಳಾ ಮತದಾನದ ಪರ ಮುಂದಿಟ್ಟ ವಾದವೇ ಇದು: ನ್ಯಾಯ, ಸಮಾನತೆಗಳ ದೊಡ್ಡ ಮಾತು ಆಮೇಲಿರಲಿ, ಕಮಿಟಿಯಲ್ಲಿ ಹೆಂಗಸರಿಲ್ಲದಿದ್ದರೆ ಈ ಕೆಲಸ ಆಗುವುದಿಲ್ಲ.

1904ರಲ್ಲಿ ಬರೆದ ‘ದ ಕಾಮನ್ ಸೆನ್ಸ್ ಆಫ್ ಮುನಿಸಿಪಲ್ ಟ್ರೇಡಿಂಗ್’ ಈ ಅನುಭವದ ಫಲ. ಖಾಸಗಿ ಕಂಪನಿಯ ಲಾಭ-ನಷ್ಟ ಪಟ್ಟಿಯಲ್ಲಿ ಊರಿನ ಮೇಲೆ ಅದು ಹೊರಿಸುವ ಖರ್ಚು ಕಾಣುವುದಿಲ್ಲ ಎಂಬುದು ಅದರ ಮುಖ್ಯ ಮಾತು. ಹೆಂಡದಂಗಡಿಯ ಲಾಭ ಒಡೆಯನಿಗೆ. ಪೊಲೀಸು, ಜೈಲು, ಆಸ್ಪತ್ರೆಯ ಬಿಲ್ಲು ತೆರಿಗೆದಾರನಿಗೆ. ಪುಸ್ತಕ ಬಂದ ವರ್ಷವೇ ಲಂಡನ್ ಕೌಂಟಿ ಕೌನ್ಸಿಲ್ ಚುನಾವಣೆಗೆ ನಿಂತು ಸೋತರು.

ವೈದ್ಯರ ಬಗ್ಗೆಯೂ ಇದೇ ದೃಷ್ಟಿ. ‘ದ ಡಾಕ್ಟರ್ಸ್ ಡಿಲೆಮಾ’ (1906) ನಾಟಕದ ಮುನ್ನುಡಿ ಶುರುವಾಗುವುದೇ ಒಂದು ಹೋಲಿಕೆಯಿಂದ: ರೊಟ್ಟಿ ಸುಡುವುದರಲ್ಲಿ ಲಾಭವಿಟ್ಟರೆ ಬೇಕರಿಯವನು ರೊಟ್ಟಿ ಕೊಡುತ್ತಾನೆ, ಅದನ್ನೇ ನೋಡಿ, ಕಾಲು ಕತ್ತರಿಸುವುದರಲ್ಲಿ ಶಸ್ತ್ರವೈದ್ಯನಿಗೆ ಲಾಭವಿಡುತ್ತೀರಾ? ಪ್ಯಾಕೇಜ್ ಲೆಕ್ಕದಲ್ಲಿ ಆಪರೇಷನ್ ನಡೆಯುವ ಕಾಲದಲ್ಲಿ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ಲಾಳಕ್ಕೆಷ್ಟು, ಶ್ಲೋಕಕ್ಕೆಷ್ಟು

1928ರ ‘ದ ಇಂಟೆಲಿಜೆಂಟ್ ವುಮನ್ಸ್ ಗೈಡ್’ ಹುಟ್ಟಿದ್ದು ಹೆಂಡತಿಯ ತಂಗಿ ಸಮಾಜವಾದದ ಬಗ್ಗೆ ನಾಲ್ಕು ಸಾಲು ಬರೆದು ಕೊಡಿ ಎಂದದ್ದರಿಂದ. ನಾಲ್ಕು ಸಾಲು ದಪ್ಪ ಪುಸ್ತಕವಾಯಿತು. 1937ರಲ್ಲಿ ಪೆಂಗ್ವಿನ್ ಪ್ರಕಾಶನದ ಅಗ್ಗದ ಪುಸ್ತಕಗಳ ಪೆಲಿಕನ್ ಮಾಲೆ ಶುರುವಾದಾಗ ಅದರ ಮೊದಲ ಪುಸ್ತಕವೂ ಇದೇ. ಆ ಮಾಲೆಯ ಸಂಪಾದಕರಲ್ಲಿ ಮುಂದೆ ಭಾರತದ ರಕ್ಷಣಾ ಮಂತ್ರಿಯಾದ ವಿ. ಕೆ. ಕೃಷ್ಣ ಮೆನನ್ ಇದ್ದರು.

ದೇಶದ ಆದಾಯವನ್ನು ಹಂಚುವ ಏಳು ದಾರಿಗಳನ್ನು ಶಾ ಒಂದೊಂದಾಗಿ ಪರೀಕ್ಷಿಸುತ್ತಾರೆ. ‘ಯೋಗ್ಯತೆಗೆ ತಕ್ಕಂತೆ’ ಎಂಬ, ಎಲ್ಲರಿಗೂ ಒಪ್ಪಿಗೆಯಾಗುವ ದಾರಿಯನ್ನು ಅವರು ಮುರಿಯುವ ರೀತಿ ನೋಡಿ. ಹಳ್ಳಿಯ ಕಮ್ಮಾರ ಕುದುರೆಗೆ ಲಾಳ ಮಾಡಬಲ್ಲ, ಗ್ರೀಕ್ ಬಾರದು. ಪಾದ್ರಿಗೆ ಗ್ರೀಕ್ ಬರುತ್ತದೆ, ಲಾಳ ಬಾರದು. ಬೈಬಲ್ಲಿನ ಎಷ್ಟು ಶ್ಲೋಕ ಒಂದು ಲಾಳಕ್ಕೆ ಸಮ? ತಕ್ಕಡಿಯೇ ಇಲ್ಲದ ಮೇಲೆ ತೂಕವೆಲ್ಲಿ? ಆದ್ದರಿಂದ ಎಲ್ಲರಿಗೂ ಸಮ ಆದಾಯ. ‘ಪಿಗ್ಮೇಲಿಯನ್’ನ ಕಸ ಹೊರುವ ಡೂಲಿಟ್ಲ್ ಇದನ್ನೇ ತಲೆಕೆಳಗಾಗಿ ಹೇಳುತ್ತಾನೆ: ನಾನು ಅಯೋಗ್ಯ ಬಡವ, ಯೋಗ್ಯ ವಿಧವೆಗಿಂತ ನನ್ನ ಹೊಟ್ಟೆ ಚಿಕ್ಕದೇನಲ್ಲ. ಐದು ಪೌಂಡ್ ಕೇಳಿದವನಿಗೆ ಹತ್ತು ಕೊಡಲು ಹೋದರೆ ಬೇಡ ಎನ್ನುತ್ತಾನೆ. ಹತ್ತು ಕೈಗೆ ಬಂದರೆ ಉಳಿಸುವ ಬುದ್ಧಿ ಬರುತ್ತದೆ, ಆಮೇಲೆ ಸುಖವಿಲ್ಲ.

ಇಲ್ಲಿಯವರೆಗೆ ಸರಿ. ಎಲ್ಲರಿಗೂ ಸಮ ಆದಾಯವಾದರೆ ದುಡಿಯದವನನ್ನು ಏನು ಮಾಡುವುದು? ಈ ಪ್ರಶ್ನೆಗೆ ಶಾ ಕೊಟ್ಟ ಉತ್ತರದಲ್ಲೇ ದಾರಿ ಕವಲೊಡೆಯುತ್ತದೆ. ಅದೇ ಪುಸ್ತಕದ ಕೊನೆಯ ಕಡೆ ಒಂದು ಮಾತಿದೆ: ಸಮಾಜವಾದದಲ್ಲಿ ಯಾರಿಗೂ ಬಡವರಾಗಿರಲು ಅವಕಾಶವಿಲ್ಲ, ಬೇಕೋ ಬೇಡವೋ ಊಟ, ಬಟ್ಟೆ, ಮನೆ, ಕೆಲಸ ಕೊಡಲಾಗುತ್ತದೆ, ಇಷ್ಟೆಲ್ಲ ಶ್ರಮಕ್ಕೆ ನೀವು ತಕ್ಕವರಲ್ಲ ಎಂದು ಕಂಡರೆ ಪ್ರಾಯಶಃ ಮೃದುವಾಗಿ ಮುಗಿಸಿಬಿಡಲಾಗುತ್ತದೆ. ಲಾಳವನ್ನೂ ಶ್ಲೋಕವನ್ನೂ ತೂಗುವ ತಕ್ಕಡಿ ಇಲ್ಲವೆಂದವರು, ಬದುಕಲು ಯಾರು ತಕ್ಕವರು ಎಂದು ತೂಗುವ ತಕ್ಕಡಿ ಇದೆ ಎಂದುಕೊಂಡರು! 1931ರ ತುಣುಕಿನಲ್ಲಿ ಕಾಣುವುದು ಇದೇ ವಿಚಾರದ ಸಾರ್ವಜನಿಕ ರೂಪ.

ವ್ಯಂಗ್ಯವೇ ಎಂಬ ಪ್ರಶ್ನೆಗೆ ಒಂದಿಷ್ಟು ಆಧಾರವಿದೆ. ಡಬ್ಲಿನ್ನಿನವನೇ ಆದ ವ್ಯಂಗ್ಯ ಲೇಖಕ ಜೊನಾಥನ್ ಸ್ವಿಫ್ಟ್‌ನ ಪರಂಪರೆ ಅವರ ಬೆನ್ನಿಗಿತ್ತು. ಮನುಷ್ಯರಲ್ಲೂ ಒಳ್ಳೆಯ ತಳಿ ಬೆಳೆಸಬೇಕೆನ್ನುವ ‘ವಂಶ ಸುಧಾರಣೆ’ಯ ವಿಚಾರದಲ್ಲೂ ಅವರು ಉಳಿದವರಿಗಿಂತ ಭಿನ್ನ. ಉಳಿದವರು ಬಡವರ ಸಂತಾನ ತಡೆಯಿರಿ ಎಂದರೆ, ಶಾ ಆದಾಯ ಸಮ ಮಾಡಿ, ಆಗ ಡ್ಯೂಕನ ಮಗಳು ತೋಟದವನನ್ನು ಮದುವೆಯಾಗಬಹುದು, ಪ್ರಕೃತಿಯ ಆಯ್ಕೆಗೆ ದಾರಿ ಬಿಡಿ ಎಂದರು. ಆದರೆ 1933ರ ‘ಆನ್ ದ ರಾಕ್ಸ್’ ನಾಟಕದ ಮುನ್ನುಡಿಯನ್ನು ತೆರೆದರೆ ವ್ಯಂಗ್ಯದ ಕೊಡೆ ಉಳಿಯುವುದಿಲ್ಲ. ತಂತಿ ಸಂದೇಶಗಳನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ ಸ್ಟೇಷನ್ ಮಾಸ್ತರರನ್ನು ಸೋವಿಯತ್ ಸಾರಿಗೆ ಕಮಿಸಾರ್ ಗುಂಡಿಟ್ಟು ಕೊಂದದ್ದನ್ನು ಅಲ್ಲಿ ಆಡಳಿತದ ಅಗತ್ಯ ಎಂಬಂತೆ ವಿವರಿಸಿದ್ದಾರೆ. ನಗು ಬರುವ ಜಾಗ ಅಲ್ಲಿಲ್ಲ. ಮೊದಲು ಹೇಳಿದ ನರ್ತಕಿಯ ಚುಟುಕು ಹಾಗಾದರೆ ಇನ್ನೂ ವಿಚಿತ್ರ: ಒಳ್ಳೆಯ ತಳಿಯನ್ನು ಬೇಕಾದಂತೆ ಪಡೆಯಲಾಗದು ಎಂಬುದೇ ಅದರ ಹುರುಳು. ಚುಟುಕಿನ ಶಾ ಮುನ್ನುಡಿಯ ಶಾಗಿಂತ ಜಾಣ.

ಕೇಳದೇ ಬಿಟ್ಟ ಲೆಕ್ಕ

1931ರ ಜುಲೈನಲ್ಲಿ ಬ್ರಿಟಿಷ್ ಸಂಸದೆ ನ್ಯಾನ್ಸಿ ಆಸ್ಟರ್ ಮುಂತಾದವರೊಂದಿಗೆ ಸೋವಿಯತ್ ಒಕ್ಕೂಟಕ್ಕೆ ಹೋದರು. ಜುಲೈ 26ಕ್ಕೆ ಮಾಸ್ಕೋದಲ್ಲಿ 75ನೇ ಹುಟ್ಟುಹಬ್ಬ, 29ರಂದು ಸ್ಟಾಲಿನ್ ಭೇಟಿ. ರಷ್ಯಾದಲ್ಲಿ ಊಟ ಸಿಗುವುದಿಲ್ಲವೆಂದು ಜೊತೆಗೆ ಕಟ್ಟಿಕೊಟ್ಟ ಡಬ್ಬಿಗಳನ್ನು ಗಡಿಗೆ ಮುಂಚೆ ರೈಲಿನ ಕಿಟಕಿಯಿಂದ ಎಸೆದೆ ಎಂದು ಭಾಷಣದಲ್ಲಿ ಹೇಳಿ ನಗಿಸಲು ನೋಡಿದರು. ಮಾರ್ಗದರ್ಶಕರು ತೋರಿಸಿದ್ದನ್ನು ನೋಡಿದರು, ಬಡಿಸಿದ್ದನ್ನು ಉಂಡರು. 1933ರ ಮಾರ್ಚ್ 2ರ ‘ಮ್ಯಾಂಚೆಸ್ಟರ್ ಗಾರ್ಡಿಯನ್’ನಲ್ಲಿ ಶಾ ಮತ್ತು ಇನ್ನೂ ಇಪ್ಪತ್ತು ಜನ ಸಹಿ ಮಾಡಿದ ಪತ್ರ ಬಂತು: ಅಲ್ಲಿನ ಹಸಿವು, ಬವಣೆಯ ಸುದ್ದಿ ಅಪಪ್ರಚಾರ. ಉಕ್ರೇನಿನಲ್ಲಿ ರೈತರ ಕಣಜ ಬರಿದು ಮಾಡಿದ್ದರಿಂದ ಲಕ್ಷ ಲಕ್ಷ ಜನ ಸಾಯುತ್ತಿದ್ದ ತಿಂಗಳುಗಳವು. ಅದೇ ತಿಂಗಳ ಕೊನೆಗೆ ವೇಲ್ಸ್‌ನ ಪತ್ರಕರ್ತ ಗ್ಯಾರೆತ್ ಜೋನ್ಸ್, ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿ ಕಂಡದ್ದನ್ನು ಹೊರಗೆ ಹೇಳಿದ. ಸಾರ್ಟೋರಿಯಸ್‌ನ ಮೆಟ್ಟಿಲಿನ ಒಂದು ಪೌಂಡ್ ನಾಲ್ಕು ಶಿಲಿಂಗಿನ ವೋಚರ್ ಹುಡುಕಿದ ಕಣ್ಣು, ಧಾನ್ಯವೆಲ್ಲಿ ಹೋಯಿತು ಎಂದು ಸ್ಟಾಲಿನ್‌ನನ್ನು ಕೇಳಲಿಲ್ಲ. ಒಡೆಯ ಖಾಸಗಿಯವನಾಗಿದ್ದಾಗ ಮಾತ್ರ ಅನುಮಾನ, ಸರ್ಕಾರವಾದಾಗ ನಂಬಿಕೆ. ಫೇಬಿಯನ್ ಲೆಕ್ಕಪತ್ರದಲ್ಲಿ ಸರ್ಕಾರದ ಕಾಲಂ ಮೊದಲಿಂದಲೂ ಖಾಲಿ ಇತ್ತು.

ಲಸಿಕೆಯ ವಿಷಯ ಬೇರೆ ಬಗೆಯದು, ಮತ್ತು ಇಂದು ಲಸಿಕೆ ವಿರೋಧಿಗಳು ಶಾ ಹೆಸರು ಎಳೆದು ತರುವುದರಿಂದ ಹೇಳಲೇಬೇಕು. ಮಗುವಾಗಿದ್ದಾಗ ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದ ಶಾಗೆ 1881ರಲ್ಲಿ ಸಿಡುಬು ಬಂತು. 24ನೇ ವಯಸ್ಸು. ಅಲ್ಲಿಂದ ಜೀವನವಿಡೀ ಲಸಿಕೆಯನ್ನು ಮಾಟ ಎಂದು ಜರೆದರು. ಆಗಿದ್ದು ಸರಳ: ಸಿಡುಬಿನ ಲಸಿಕೆಯ ರಕ್ಷಣೆ ವರ್ಷಗಳು ಕಳೆದಂತೆ ಇಳಿಯುತ್ತದೆ, ಮರುಲಸಿಕೆ ಬೇಕಿತ್ತು. ಅವರ ಕೊಳಕಿನ ದೂರು ಪೂರಾ ಸುಳ್ಳೂ ಅಲ್ಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರಿಗೆ ಹಾಕುವ ಪದ್ಧತಿಯಲ್ಲಿ ಬೇರೆ ರೋಗವೂ ದಾಟುತ್ತಿತ್ತು. ಬ್ರಿಟನ್ ಅದನ್ನು ನಿಲ್ಲಿಸಿದ್ದು 1898ರಲ್ಲಿ. ಪದ್ಧತಿ ಬದಲಾಯಿತು, ಶಾ ಬದಲಾಗಲಿಲ್ಲ. ಒಂದು ಪ್ರಕರಣವನ್ನೇ, ಅದೂ ತಮ್ಮದೇ ಪ್ರಕರಣವನ್ನು, ಇಡೀ ಲೆಕ್ಕವೆಂದುಕೊಂಡರು. ಭಾರತದಲ್ಲಿ ಕೊನೆಯ ಸಿಡುಬು 1975ರಲ್ಲಿ; 1980ರಲ್ಲಿ ಜಗತ್ತೇ ಮುಕ್ತ.

ಆಡುವವರಿಗೆ, ಅನುವಾದಿಸುವವರಿಗೆ

ಶಾ ತೀರಿಕೊಂಡದ್ದು 1950ರ ನವೆಂಬರ್ 2, 94ರ ವಯಸ್ಸಿನಲ್ಲಿ, ತೋಟದಲ್ಲಿ ಮರ ಸವರುವಾಗ ಬಿದ್ದು ಕೆಲವು ವಾರಗಳ ಮೇಲೆ. ಉಯಿಲಿನಲ್ಲಿ ಇಂಗ್ಲಿಷಿಗೆ ಕನಿಷ್ಠ 40 ಅಕ್ಷರಗಳ ಹೊಸ ವರ್ಣಮಾಲೆಗೆ ಹಣವಿಟ್ಟಿದ್ದರು. ತಮ್ಮ ಹೆಸರಿನ ಎರಡು ಧ್ವನಿಗೆ ನಾಲ್ಕು ಅಕ್ಷರ ಬರೆಯುವ ದಂಡದ ಬಗ್ಗೆ ಅವರ ಗೋಳು ಹಳೆಯದು; ಕನ್ನಡದಲ್ಲಿ ಅದು ಒಂದೇ ಅಕ್ಷರ. 1957ರಲ್ಲಿ ಕೋರ್ಟು ಆ ಏರ್ಪಾಡು ಊರ್ಜಿತವಲ್ಲ ಎಂದಿತು, ರಾಜಿಯಲ್ಲಿ 8,300 ಪೌಂಡ್ ಸಿಕ್ಕಿತು, ಸ್ಪರ್ಧೆಗೆ 467 ಮಾದರಿಗಳು ಬಂದವು, 1962ರಲ್ಲಿ 48 ಅಕ್ಷರಗಳ ಲಿಪಿಯಲ್ಲಿ ‘ಆಂಡ್ರೊಕ್ಲಿಸ್’ ನಾಟಕ ಅಚ್ಚಾಯಿತು. ಯಾರೂ ಬಳಸಲಿಲ್ಲ. ಉಳಿದ ಗೌರವಧನ ಬ್ರಿಟಿಷ್ ಮ್ಯೂಸಿಯಂ, ಐರ್ಲೆಂಡಿನ ರಾಷ್ಟ್ರೀಯ ಗ್ಯಾಲರಿ, ಲಂಡನ್ನಿನ ರಾಡಾ ನಾಟಕ ಶಾಲೆಗೆ ಸಮನಾಗಿ ಹಂಚಿಹೋಯಿತು. ಆ ಮೂವರಿಗೂ ದುಡ್ಡಿನ ಹೊಳೆ ಹರಿಸಿದ್ದು 1956ರ ‘ಮೈ ಫೇರ್ ಲೇಡಿ’, ಅಂದರೆ ಬದುಕಿದ್ದಾಗ ಶಾ ಬಿಲ್‌ಕುಲ್ ಒಪ್ಪದಿದ್ದ, ‘ಪಿಗ್ಮೇಲಿಯನ್’ನ ಸಂಗೀತ ರೂಪ.

ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ. ಹಾಗಾಗಿ 2011ರ ಜನವರಿಯಿಂದ ಶಾ ನಾಟಕಗಳನ್ನು ಇಲ್ಲಿ ಯಾರೂ ಅನುವಾದಿಸಿ ಆಡಬಹುದು. ಬ್ರಿಟನ್ನಿನಲ್ಲಿ 2021ರಿಂದ. ಅಮೆರಿಕದ ಕನ್ನಡ ಕೂಟದವರು ಮಾತ್ರ ಎಚ್ಚರ ವಹಿಸಬೇಕು: ಅಲ್ಲಿ ಹಳೆಯ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷದ ಲೆಕ್ಕ. 1916ರ ಪುಸ್ತಕದ ‘ಪಿಗ್ಮೇಲಿಯನ್’ ಮುಕ್ತ. ಸಿನಿಮಾಕ್ಕೆ ಬರೆದ ದೃಶ್ಯಗಳನ್ನು ಸೇರಿಸಿದ 1941ರ ಪಾಠ ಹಾಗಲ್ಲ. ಕೈಯಲ್ಲಿರುವುದು ಯಾವುದು ಎಂದು ತಿಳಿಯಲು, ರಾಯಭಾರಿ ಕಚೇರಿಯ ಸ್ವಾಗತ ಕೂಟದ ದೃಶ್ಯವಿದೆಯೇ ನೋಡಿ. ಇದ್ದರೆ ಅದು ಎರಡನೆಯದು. ಹಳೆಯ ಕನ್ನಡ ಅನುವಾದಗಳಿಗೆ ಅನುವಾದಕರ ಹಕ್ಕು ಬೇರೆ.

ಅನುವಾದದ ಕಷ್ಟ ಶುರುವಾಗುವುದು ‘ಪಿಗ್ಮೇಲಿಯನ್’ನ ಹೂ ಮಾರುವ ಹುಡುಗಿ ಎಲೈಜಾಳ ಬಾಯಿಂದ. ಲಂಡನ್ನಿನ ಕಾಕ್ನಿ ಮಾತಿನ ಗುರುತು ಪದದ ಮೊದಲ ‘ಹ’ ಬಿಡುವುದು. ಕನ್ನಡಕ್ಕೆ ಇದು ಮನೆಯ ವಿಷಯ: ಹಾಲು ‘ಆಲು’ ಆಗುತ್ತದೆ, ಹಕ್ಕಿಗೂ ಅಕ್ಕಿಗೂ ಗೆರೆ ಅಳಿಸಿಹೋಗುತ್ತದೆ, ಹಾಗೆ ಮಾತಾಡುವವರನ್ನು ನಗುವವರೂ ಸಾಕಷ್ಟಿದ್ದಾರೆ. ಆದರೆ ಹೂ ಮಾರುವವಳಿಗೆ ಮಂಡ್ಯದ್ದೋ ಕಲಬುರ್ಗಿಯದೋ ಮಾತು ಕೊಟ್ಟು, ಅವಳಿಗೆ ‘ಒಳ್ಳೆಯ’ ಮಾತು ಕಲಿಸುವ ಪ್ರೊಫೆಸರ್ ಹಿಗ್ಗಿನ್ಸ್‌ಗೆ ಪುಸ್ತಕದ ಕನ್ನಡ ಕೊಟ್ಟರೆ, ನಾಟಕ ಲೇವಡಿ ಮಾಡಬೇಕಾದ ಜಂಬಕ್ಕೇ ಚಪ್ಪಾಳೆ ಬೀಳುತ್ತದೆ. ಹಿಗ್ಗಿನ್ಸ್‌ನ ಕನ್ನಡವೂ ಕೃತಕವಾಗಿ, ಇಂಗ್ಲಿಷ್ ಬೆರೆತು, ಕೇಳಲು ಸ್ವಲ್ಪ ಹಾಸ್ಯಾಸ್ಪದವಾಗಿ ಇರಬೇಕು. ಇದು ಸಾಧ್ಯವಾದರೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧ, ನಾಣ್ಯ. ಪಾಠಕ್ಕೆ ಒಂದು ಶಿಲಿಂಗ್ ಕೊಡುತ್ತೇನೆ ಎಂದು ಎಲೈಜಾ ಬಂದಾಗ ಹಿಗ್ಗಿನ್ಸ್ ನಗುವುದಿಲ್ಲ, ಲೆಕ್ಕ ಹಾಕುತ್ತಾನೆ. ಇವಳ ದಿನದ ಸಂಪಾದನೆ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲಿಂಗ್. ಅದರಲ್ಲಿ ಒಂದು ಶಿಲಿಂಗೆಂದರೆ ಐದರಲ್ಲಿ ಎರಡು ಪಾಲು. ಲಕ್ಷಾಧೀಶ್ವರನ ದಿನದ ಆದಾಯ 150 ಪೌಂಡ್ ಎಂದಿಟ್ಟುಕೊಂಡರೆ ಅದರ ಐದರಲ್ಲಿ ಎರಡು ಪಾಲು 60 ಪೌಂಡ್. ಇಷ್ಟು ದೊಡ್ಡ ಸಂಭಾವನೆ ನನಗೆ ಯಾರೂ ಕೊಟ್ಟಿಲ್ಲ ಎನ್ನುತ್ತಾನೆ. ಪ್ರೇಕ್ಷಕರಿಗೆ ಅನುಪಾತ ಕಿವಿಯಲ್ಲೇ ಹೊಳೆಯಬೇಕಾದ್ದರಿಂದ, ರೂಪಾಯಿಗೆ ತರುವಾಗ 2:5 ಕೆಡದಂತೆ ದಿನಕ್ಕೆ 500, ಪಾಠಕ್ಕೆ 200 ಎಂಬಂಥ ಸುಲಭ ಅಂಕಿ ಹಿಡಿಯುವುದು ಒಳ್ಳೆಯದು. ಯಾಕೆಂದರೆ ಮುಂದಿನ ಮಾತು ಎಲೈಜಾಳದು. ಅನುಪಾತ ಅವಳಿಗೆ ಗೊತ್ತಿಲ್ಲ. ಅವಳಿಗೆ ಕೇಳಿದ್ದು ಅರವತ್ತು ಪೌಂಡ್ ಎಂಬ ಸದ್ದು ಮಾತ್ರ. ಅಷ್ಟು ಕೊಡುತ್ತೇನೆಂದು ನಾನೆಲ್ಲಿ ಹೇಳಿದೆ, ನನ್ನ ಹತ್ತಿರ ಎಲ್ಲಿದೆ ಎಂದು ಅವಳು ಗಾಬರಿಯಿಂದ ಎದ್ದು ನಿಂತು ಅಳತೊಡಗುತ್ತಾಳೆ.